ಹೊಂಗೆಮರದ ಹಾಜರಿ

ಆ ಶನಿವಾರ ಸಂಜೆ ನಾವು ಅವರೆಕಾಳು ಹಿತುಕುತ್ತಿದ್ದೆವು. ಬೆಳಿಗ್ಗೆ ನೆನೆಹಾಕಿದ್ದ ಕಾಳು ಅಗಲವಾದ ಪಾತ್ರೆಯ ತುಂಬ ಇತ್ತು. ನಮ್ಮ ಯಜಮಾನರು ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಪಾತ್ರೆಯ ಆ ಬದಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವರ ಉಗುರಿನ ಸಂದಿಯ ಎಣ್ಣೆಮಸಿ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಆ ಕೈಯನ್ನು ಅಡುಗೆ ಸಾಮಾನಿಗೆ ತಾಕಿಸಲು ಬಿಡುತ್ತಿರಲಿಲ್ಲ. ಆಮೇಲೆ ಅದು ಮಸಿ ಅನ್ನಿಸುವುದೇ ಬಿಟ್ಟುಹೋಗಿತ್ತು. ಮಗಳು ಅವರೆಸಿಪ್ಪೆಯನ್ನು ಗುಡ್ಡೆ ಹಾಕಿಕೊಂಡು ಆಡುತ್ತಿದ್ದಳು.

ಇವರ ಸ್ನೇಹಿತರೊಬ್ಬರು, ಗುಬ್ಬಿಯವರು, ರೈಲಿಗೆ ಹೋಗುವ ಮುಂಚೆ ಬಾಗಿಲಲ್ಲಿ ಇಣುಕಿದರು. ಫ್ಯಾಕ್ಟರಿಯಲ್ಲಿ ಇವರು ಕಬ್ಬಿಣ ಕಡೆಯುವ ಲೇತ್ ಮೆಷಿನ್ನಿನ ಪಕ್ಕದ ಲೇತ್ ಅವರದು. ದಿನವೂ ಗುಬ್ಬಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ತುಮಕೂರಿಗೆ ಬಂದು, ಇಲ್ಲಿಂದ ಇವರ ಜೊತೆ ಬಸ್ಸು ಹಿಡಿಯುತ್ತಿದ್ದರು.

"ಏನ್ಲಾ, ಅಲ್ಲಿ ಎಂಟು ಗಂಟೆ ಗೇದು ಸಾಲ್ದು ಅಂತ ಇಲ್ಲೂ ಓಟಿ ಮಾಡ್ತಾ ಇದೀಯ?" ಅಂದರು.

"ಇಲ್ಲಿ ಓಟಿಗೆ ಊಟ ಕೊಡ್ತಾರೆ ಕಣೋ. ಬಾ, ನೀನೂ ಕೂತು ಹಿತ್ಕು."

"ನಂಗ್ ರೈಲೈತೆ ಬುಡು. ಅತ್ತಿಗೆ, ಸೋಮವಾರಕ್ಕೆ ಮಿಕ್ಕಿದ್ರೆ ಒಂದು ಡಬ್ಬಿ ಕಳ್ಸಿ. ನಮ್ಮನೆಯೋಳ ಸಾರಲ್ಲಿ ಕಾಳು ಎಲ್ಲೈತೆ ಅಂತ ಟಾರ್ಚ್ ಹಾಕಿ ಹುಡುಕ್ಬೇಕು."

ಇಷ್ಟೇ ಆ ದಿನ. ಸಾರು ಚೆನ್ನಾಗಿತ್ತು. ಭಾನುವಾರ ಮಲಗಿ ಎದ್ದೆವು. ಸೋಮವಾರ ಎರಡು ಡಬ್ಬಿ ಕಟ್ಟಿಕೊಟ್ಟೆ. ಬಿಸಿಲು ಏರುವ ಮುಂಚೆಯೇ ಆ ಎರಡು ಡಬ್ಬಿಗಳೂ ತುಂಬಿದ ಹಾಗೆಯೇ ಮನೆಗೆ ವಾಪಸು ಬಂದವು.

ಕರೆಂಟ್ ಕಡಿತದ ವರ್ಷಗಳು ಅವು, ಎಪ್ಪತ್ತರ ದಶಕದ ಕೊನೆ. ಫ್ಯಾಕ್ಟರಿಗೆ ಬರುವ ಕರೆಂಟು ಅರ್ಧಕ್ಕಿಳಿದಿತ್ತು, ಅದಕ್ಕೆ ಲೇತ್ ವಿಭಾಗದವರನ್ನೆಲ್ಲ ಲೇ-ಆಫ್ ಮಾಡಿ ಗೇಟಿಗೆ ನೋಟಿಸು ಅಂಟಿಸಿದ್ದರು. ಲೇ-ಆಫ್ ಎಂದರೆ ಕೆಲಸದಿಂದ ತೆಗೆದದ್ದಲ್ಲ ಎಂದು ಇವರು ನನಗೆ ಅವತ್ತು ಎಷ್ಟು ಸಲ ಹೇಳಿದರೋ. ಕೆಲಸ ಇರುತ್ತದೆ, ಆದರೆ ಮಾಡುವುದಕ್ಕೆ ಇರುವುದಿಲ್ಲ. ಅರ್ಧ ಸಂಬಳ ಬರುತ್ತದೆ, ಆದರೆ ಒಂದು ಷರತ್ತು: ದಿನಕ್ಕೊಂದು ಸಲ, ಪಾಳಿ ಶುರುವಾಗುವ ಹೊತ್ತಿಗೆ ಸರಿಯಾಗಿ ಗೇಟಿಗೆ ಹೋಗಿ ಹಾಜರಿ ಕೊಡಬೇಕು. ಹೋಗದಿದ್ದರೆ ಆ ದಿನದ್ದು ಇಲ್ಲ.

ಹಾಜರಿಗೆ ಅಲ್ಲಿ ಟೋಕನ್ ಇತ್ತು. ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ನಂಬರು, ಮೇಲ್ಗಡೆ ಒಂದು ತೂತು. ಗೇಟಿನ ಪಕ್ಕದ ಹಲಗೆಯ ಮೊಳೆಗೆ ಅದನ್ನು ತಗುಲಿ ಹಾಕಿದರೆ ಆಳು ಬಂದಿದ್ದಾನೆ ಎಂದು ಅರ್ಥ. ಇವರ ನಂಬರು ಚಿಕ್ಕದು. ನಂಬರು ಚಿಕ್ಕದಾದಷ್ಟೂ ಆಳು ಹಳಬ. ಇವರು ಎರಕದ ತುಂಡು ಹೊರುವ ಹೆಲ್ಪರ್ ಆಗಿ ಸೇರಿ, ಪಕ್ಕದಲ್ಲಿ ನಿಂತು ನೋಡಿ ನೋಡಿ ಕಲಿತು, ಲೇತ್ ನಡೆಸುವ ಟರ್ನರ್ ಆದವರು. ಐಟಿಐ ಅಂತ ಯಾವ ಸರ್ಟಿಫಿಕೇಟೂ ಇರಲಿಲ್ಲ. ಹೊರಗಡೆ ಯಾರಾದರೂ "ನೀನು ಟರ್ನರ್ ಅನ್ನೋದಕ್ಕೆ ಏನು ಗುರುತು" ಎಂದರೆ ತೋರಿಸಲು ಆ ಚಿಕ್ಕ ನಂಬರು ಬಿಟ್ಟರೆ ಬೇರೇನೂ ಇರಲಿಲ್ಲ. ಇದನ್ನು ತಿಳಿದುಕೊಳ್ಳದೆ ಮುಂದೆ ಅವರು ಮಾಡಿದ್ದು ಅರ್ಥವಾಗುವುದಿಲ್ಲ. ತಿಳಿದುಕೊಂಡ ಮೇಲೂ ನನಗೆ ಸಿಟ್ಟು ಹೋಗಿಲ್ಲ, ಅದು ಬೇರೆ ಮಾತು.

ಬೆಳಗಾಗೆದ್ದು ಖಾಕಿ ಹಾಕಿಕೊಂಡು ಬಸ್ಸಿಗೆ ಹೋಗುವುದು. ಟೋಕನ್ ತಗುಲಿಸುವುದು. ಟೈಮ್‌ಕೀಪರ್ ಹೊರಗೆ ಬಂದು ನೋಡುವವರೆಗೆ ಎದುರಿನ ಹೊಂಗೆಮರದ ಕೆಳಗೆ ನಿಲ್ಲುವುದು. ಅವನು ನೋಡಿ ಒಳಗೆ ಹೋದ ಮೇಲೆ ಟೋಕನ್ ತೆಗೆದು ಜೇಬಿಗೆ ಹಾಕಿಕೊಳ್ಳುವುದು. ವಾಪಸಿನ ಬಸ್ಸಿಗೆ ಕಾಯುವುದು. ಮನೆ ಸೇರುವ ಹೊತ್ತಿಗೆ ಪೇಟೆಯಲ್ಲಿ ಕೂಲಿಗೆ ಆಳು ಕರೆಯುವವರು ಕರೆದು ಮುಗಿಸಿರುತ್ತಿದ್ದರು. ಯಾರೂ ಬೇರೆ ಕೆಲಸಕ್ಕೆ ಹೋಗದಿರಲಿ ಅಂತಲೇ ಹುಡುಕಿ ಹುಡುಕಿ ಮಾಡಿದ ಹೊತ್ತಿನ ಹಾಗಿತ್ತು ಅದು.

ನಾನು ಊದುಬತ್ತಿ ಹೊಸೆಯಲು ಶುರುಮಾಡಿದೆ. ಬೀದಿಯಲ್ಲಿ ಮೂರು ನಾಲ್ಕು ಮನೆಯವರು ಹೊಸೆಯುತ್ತಿದ್ದರು, ಅವರೇ ನನಗೂ ಕಡ್ಡಿ ಮತ್ತು ಕಪ್ಪುಹಿಟ್ಟು ತಂದುಕೊಟ್ಟರು. ಈಗ ನನ್ನ ಕೈಯೂ ಕಪ್ಪಾಯಿತು. ಇವರು ಒಂದು ದಿನ ಅದನ್ನು ನೋಡಿ, "ನಿಂದೂ ಲೇತ್ ಆಯ್ತಲ್ಲೇ" ಅಂದರು. ನಗಿಸಲು ಹೇಳಿದ್ದು. ನಾನು ನಗಲಿಲ್ಲ.

ನನ್ನ ತವರು ಕುಣಿಗಲ್. ಅಲ್ಲಿ ನಮ್ಮಣ್ಣ ಲಾರಿ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಹೆದ್ದಾರಿ ಮೇಲೆ ಲಾರಿಗಳು ಹೆಚ್ಚಾಗುತ್ತಿದ್ದವು. ಅಚ್ಚಿಗೆ ಕೂರುವ ಲೋಹದ ಬಳೆ, ಬುಷ್ಷು, ಸವೆದರೆ ಅದನ್ನು ಮಾಡಿಸಲು ಬೆಂಗಳೂರಿಗೇ ಓಡಬೇಕಿತ್ತು, ಅದಕ್ಕೆ ಗ್ಯಾರೇಜಿನ ಮಾಲೀಕರು ಒಂದು ಹೊಸ ಲೇತ್ ತಂದು ಕೂರಿಸಿದರು. ಶಿವರಾತ್ರಿ ಕಳೆದ ಮೇಲೆ ಅಣ್ಣ ಬಂದ.

"ಬಾವ, ಮೆಷಿನ್ ಬಂದೈತೆ, ನಡ್ಸೋರಿಲ್ಲ. ನಾಳೆಯಿಂದ್ಲೇ ಬನ್ನಿ. ಮನೆ ನಮ್ಮನೇನೇ ಐತೆ, ಇರಾಕೆ ಯೋಚ್ನೆ ಇಲ್ಲ" ಅಂದ.

ಇವರು ಕಾಫಿ ಲೋಟವನ್ನೇ ನೋಡುತ್ತ ಕೂತರು. "ದಿನಾ ಗೇಟಿಗೆ ಹೋಗ್ಬೇಕಲ್ಲ ಬಾವ."

"ಯಾವ್ ಗೇಟು? ಮುಚ್ಚಿರೋ ಗೇಟಿಗಾ?"

"ಮುಚ್ಚಿಲ್ಲ. ಲೇ-ಆಫ್ ಅದು."

"ಲೇ-ಆಫೋ ಮತ್ತೊಂದೋ. ಅಲ್ಲಿ ಅರ್ಧ, ಇಲ್ಲಿ ಪೂರ್ತಿ. ಇದ್ರಲ್ಲಿ ಲೆಕ್ಕ ಹಾಕೋದು ಏನೈತೆ?"

"ಒಂದಿನ ತಪ್ಪಿಸಿದ್ರೆ ಬಿಟ್ಟು ಹೋದ ಅಂತಾರೆ. ಸೀನಿಯಾರಿಟಿ ಹೋಗುತ್ತೆ. ನಿಮ್ ಗ್ಯಾರೇಜ್ನೋನು ನಾಳೆ ಬೇಡ ಅಂದ್ರೆ ನಾನು ಯಾರು? ಮತ್ತೆ ಹೆಲ್ಪರ್ರಾ?"

ಅಣ್ಣ ನನ್ನ ಮುಖ ನೋಡಿದ. ನಾನು ಅಡುಗೆಮನೆಗೆ ಹೋದೆ. ಅಲ್ಲಿ ಸುಮ್ಮನೆ ಒಂದು ತಟ್ಟೆಯನ್ನು ಎರಡು ಸಲ ತೊಳೆದೆ.

ಅವನು ಹೋದ ಮೇಲೆ ನಾನು ಹಟ ಹಿಡಿದು ಇವರನ್ನು ಕೆಲಸಕ್ಕೆ ಹೆಸರು ಬರೆಸುವ ಸರ್ಕಾರಿ ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿ ಹೆಸರು ಬರೆಸಿದ್ದರೆ ಸರದಿ ಬಂದಾಗ ಕರೆ ಬರುತ್ತದೆ, ಮುಂದೆ ಹೊಸ ಫ್ಯಾಕ್ಟರಿಗಳು ಬಂದರೆ ಅಲ್ಲಿಂದಲೇ ಆಳು ತೆಗೆದುಕೊಳ್ಳುತ್ತಾರೆ ಎಂದು ಎದುರುಮನೆಯವರು ಹೇಳಿದ್ದರು. ಸಾಲಿನಲ್ಲಿ ನಿಂತು ಕಿಟಕಿ ತಲುಪಿದೆವು. ಗುಮಾಸ್ತರು ವಯಸ್ಸಾದವರು, ಒಳ್ಳೆಯವರೇ.

"ಈಗ ಕೆಲಸ ಇದೆಯೇನ್ರೀ?" ಅಂತ ಕೇಳಿದರು.

"ಇಲ್ಲ ಸಾರ್."

"ತೆಗೆದುಹಾಕಿದ್ರಾ?"

"ಇಲ್ಲ ಸಾರ್."

"ನೀವೇ ಬಿಟ್ರಾ?"

"ಇಲ್ಲ ಸಾರ್."

"ಹಂಗಾದ್ರೆ ಕೆಲಸ ಇದೆ ಅಂತಾಯ್ತಲ್ರೀ!"

"ಐತೆ ಸಾರ್. ಮಾಡಕ್ಕಿಲ್ಲ."

ಹಿಂದೆ ನಿಂತಿದ್ದ ಹುಡುಗರು ಕಿಸಕ್ಕನೆ ನಕ್ಕರು. "ನಂಗೂ ಅಂಥದ್ದೇ ಒಂದು ಕೊಡ್ಸಿ ಸಾರ್" ಎಂದ ಒಬ್ಬ. ಗುಮಾಸ್ತರು ಅವನನ್ನು ಗದರಿ, ಇವರಿಗೆ ನಿಧಾನವಾಗಿ ತಿಳಿಸಿ ಹೇಳಿದರು. ಕೆಲಸ ಇಲ್ಲದವರ ಹೆಸರನ್ನು ಮಾತ್ರ ಅವರು ಬರೆದುಕೊಳ್ಳಬಹುದು. ಫ್ಯಾಕ್ಟರಿಗೆ ರಾಜೀನಾಮೆ ಕೊಟ್ಟು ಬಂದರೆ ಆ ಕ್ಷಣವೇ ಬರೆದುಕೊಳ್ಳುತ್ತಾರೆ. ಇವರು ನಮಸ್ಕಾರ ಮಾಡಿ ಹೊರಗೆ ಬಂದರು. ಮೆಟ್ಟಿಲ ಮೇಲೆ ನನಗೆ, "ನೋಡಿದ್ಯಾ, ಸರ್ಕಾರದೋರೇ ಹೇಳಿದ್ರು, ನಂಗೆ ಕೆಲ್ಸ ಐತೆ ಅಂತ" ಅಂದರು. ಅದರಲ್ಲಿ ಸ್ವಲ್ಪ ಸಮಾಧಾನವೂ ಇತ್ತು. ಆ ಸಮಾಧಾನವನ್ನು ನೋಡಿ ನನಗೆ ರಸ್ತೆಯಲ್ಲೇ ಕೂಗಾಡುವಷ್ಟು ಕೋಪ ಬಂತು. ಕೂಗಾಡಲಿಲ್ಲ. ನಾನು ಕೂಗಾಡುವವಳಲ್ಲ.

ಯುಗಾದಿ ಹೊತ್ತಿಗೆ ಅರ್ಧ ಸಂಬಳವೂ ನಿಂತಿತು. ಕಾನೂನಿನಲ್ಲಿ ಅಷ್ಟೇ ದಿನ ಕೊಡಬೇಕಂತೆ. ಆಮೇಲೆ ಟೈಮ್‌ಕೀಪರ್ ಬರುವುದು ನಿಂತಿತು. ಹಾಜರಿಯ ಹಲಗೆಯನ್ನು ಒಳಗೆ ತೆಗೆದುಕೊಂಡು ಹೋಗಿ ಇಟ್ಟರು. ಗೇಟಿಗೆ ದಪ್ಪ ಸರಪಳಿ ಬಿತ್ತು. ಮಾಲೀಕರು ಬೇರೆ ಊರಿನಲ್ಲಿದ್ದರು, ಮಾರುತ್ತಾರಂತೆ, ಮಾರುವುದಿಲ್ಲವಂತೆ ಎಂದು ದಿನಕ್ಕೊಂದು ಸುದ್ದಿ. ಅಲ್ಲಿ ಉಳಿದವನು ಒಬ್ಬ ವಾಚ್‌ಮನ್ ಮಾತ್ರ.

ಬೇರೆ ಯಾವ ಊರಿನವರಾದರೂ ಅಷ್ಟಕ್ಕೇ ಬಿಟ್ಟು ಹೋಗಿರುತ್ತಿದ್ದರೇನೋ. ನಮ್ಮವರು ತಾವೇ ಒಂದು ಹಲಗೆ ಮಾಡಿದರು. ಯಾರೋ ಊರ್ಡಿಗೆರೆ ಕಡೆಯವರು ತಮ್ಮ ಮನೆಯ ಹಳೆಯ ಬಾಗಿಲಿನ ಹಲಗೆ ತಂದರು, ಮೊಳೆ ಹೊಡೆದು, ಹೊಂಗೆಮರದ ಕಾಂಡಕ್ಕೆ ಕಟ್ಟಿದರು. ದಿನವೂ ಅದೇ ಹೊತ್ತಿಗೆ ಬಂದು ಟೋಕನ್ ತಗುಲಿಸುವುದು, ಸ್ವಲ್ಪ ಹೊತ್ತು ನಿಲ್ಲುವುದು, ತೆಗೆದುಕೊಳ್ಳುವುದು. ಫ್ಯಾಕ್ಟರಿ ತೆರೆದಾಗ ತಪ್ಪದೆ ಗೇಟಿಗೆ ಬಂದವರನ್ನೇ ಮೊದಲು ಕರೆಯುತ್ತಾರೆ, ಕೋರ್ಟಿಗೆ ಹೋದರೂ ಇದನ್ನೇ ಕೇಳುತ್ತಾರೆ ಎಂದು ಅವರ ಯೂನಿಯನ್ ಲೀಡರ್ ಹೇಳಿದ್ದನಂತೆ. ಹಾಗೊಂದು ಕಾನೂನು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರನ್ನು ನೋಡಿ ಒಬ್ಬರು ನಂಬಿದರು.

ಒಂದೆರಡು ತಿಂಗಳಿಗೆ ಗುಬ್ಬಿಯ ಸ್ನೇಹಿತರಿಗೆ ತಡೆಯಲಾಗಲಿಲ್ಲ. ರೈಲಿನ ಪಾಸಿಗೂ ದುಡ್ಡಿಲ್ಲ ಎಂದು ಒಂದು ಸಂಜೆ ನಮ್ಮ ಮನೆಗೆ ಬಂದು ಕೂತರು. ಅವತ್ತು ಅವರು ಯಾವ ತಮಾಷೆಯನ್ನೂ ಮಾಡಲಿಲ್ಲ. ಇವರು, "ಕುಣಿಗಲ್ಲಲ್ಲಿ ಒಂದು ಲೇತ್ ಇನ್ನೂ ಖಾಲಿ ಐತೆ, ಹೋಗ್ತೀಯೇನ್ಲಾ?" ಅಂದರು.

ನಾನು ಹೊಸೆಯುತ್ತಿದ್ದ ಕಡ್ಡಿ ಕೈಯಲ್ಲೇ ನಿಂತಿತು.

"ಅದು ನಿಂಗೆ ಬಂದಿದ್ದಲ್ವೇನೋ?" ಎಂದರು ಅವರು.

"ಬಂದಿತ್ತು. ನಾನು ಹೋಗಕ್ಕಾಗಲ್ಲ. ನಮ್ ಬಾವಂಗೆ ಹೇಳ್ತೀನಿ, ನೀನು ಹೋಗು."

"ಟೋಕನ್ನು?"

"ಕೊಟ್ಟೋಗು. ನಂದರ ಪಕ್ಕದಲ್ಲಿ ನಿಂದೂ ತಗುಲಾಕ್ತೀನಿ."

"ಲೇ, ನಂದು ತಗುಲಾಕೋದಾದ್ರೆ ನಿಂದೇ ಯಾರ ಕೈಲಾದ್ರೂ ಕೊಟ್ಟು ನೀನೇ ಹೋಗ್ಬೋದಲ್ಲೋ!"

"ಎಲ್ರೂ ಹೋದ್ರೆ ತಗುಲಾಕೋರು ಯಾರ್ಲಾ?" ಅಂದರು ಇವರು.

ಗುಬ್ಬಿಯವರು ಟೋಕನ್ ತೆಗೆದು ಇವರ ಕೈಗೆ ಕೊಟ್ಟರು. ಇವರ ಮಾತಿಗೆ ನನ್ನ ಹತ್ತಿರ ಉತ್ತರ ಇತ್ತು, ಆದರೆ ಅವರ ಮುಂದೆ ಹೇಳಲಿಲ್ಲ. ಅವರು ಹೋದ ಮೇಲೆ ಹೇಳಿದೆ. ನಿಮ್ಮ ಮನೆಗೆ ಬಂದ ಅನ್ನವನ್ನು ಊರಿಗೆ ಬಡಿಸಿ ನೀವು ಪಂಕ್ತಿ ಕಾಯುತ್ತೀರಾ ಅಂದೆ. ಮಗಳ ಸ್ಕೂಲಿನ ಲಂಗ ಮೊಣಕಾಲಿಗಿಂತ ಮೇಲೆ ಹೋಗಿದೆ, ಅದನ್ನೂ ಆ ಹಲಗೆಗೇ ತಗುಲಿ ಹಾಕಿ ಅಂದೆ. ಇವರು ಎಲ್ಲವನ್ನೂ ಕೇಳಿಸಿಕೊಂಡು, "ಅವ್ನಿಗೆ ಮೂರು ಮಕ್ಳು ಕಣೇ" ಅಂದರು. ಅಷ್ಟೇ.

ಹೀಗೆ ನಮ್ಮಣ್ಣ ಇವರಿಗೆಂದು ನೋಡಿದ್ದ ಲೇತ್ ಮೇಲೆ ಗುಬ್ಬಿಯವರು ನಿಂತರು. ಅವರನ್ನು ನೋಡಿ ಮತ್ತೆ ಕೆಲವರು ಧೈರ್ಯ ಮಾಡಿದರು. ಒಬ್ಬ ಗುಬ್ಬಿಯಲ್ಲಿ ಪಂಪ್‌ಸೆಟ್ ರಿಪೇರಿಗೆ ಹೋದ, ಇನ್ನೊಬ್ಬ ಎಣ್ಣೆ ಮಿಲ್ಲಿಗೆ. ಎಲ್ಲರೂ ಹೋಗುವಾಗ ನಮ್ಮ ಮನೆಗೆ ಬಂದು ಟೋಕನ್ ಕೊಟ್ಟು ಹೋದರು. ಮೊದಮೊದಲು ಇವರು ಅವನ್ನೆಲ್ಲ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು, ಆಮೇಲೆ ಜೇಬು ಹರಿಯುತ್ತದೆಂದು ಒಂದು ದಾರಕ್ಕೆ ಪೋಣಿಸಿಕೊಂಡರು. ಬೆಳಿಗ್ಗೆ ಇವರು ಹೊರಟರೆ ದನದ ಕೊರಳಿನ ಗಂಟೆ ಹೋದ ಹಾಗೆ ಸದ್ದು. ವಠಾರದ ಹೆಂಗಸರು, "ಹೋದ್ರಾ ನಿಮ್ಮನೆಯೋರು ಡ್ಯೂಟಿಗೆ?" ಎಂದು ಕೇಳುವರು. ಕೆಲವರು ನಿಜವಾಗಿಯೂ ಕೇಳುತ್ತಿದ್ದರು, ಕೆಲವರು ಚುಚ್ಚುತ್ತಿದ್ದರು. ಧ್ವನಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಮಧ್ಯಾಹ್ನದ ಮೇಲೆ ಇವರು ಮಂಡಿಪೇಟೆಯಲ್ಲಿ ಕೊಬ್ಬರಿ ಮೂಟೆ ಹೊರಲು ಹೋಗುತ್ತಿದ್ದರು. ಬೆಳಗಿನ ಕೂಲಿ ಸಿಗದವರಿಗೆ ಮಧ್ಯಾಹ್ನದ್ದು ಅಷ್ಟೇನೂ ಸಿಗುತ್ತಿರಲಿಲ್ಲ. ಕುಣಿಗಲ್‌ನಿಂದ ಅಣ್ಣ ಯಾವಾಗಲಾದರೂ ಬಂದರೆ, "ಆ ನಿಮ್ ಗುಬ್ಬಿಯೋರು ಹೊಸ ಮೆಷಿನ್ ಚೆನ್ನಾಗಿ ಕಲ್ತವ್ರೆ, ಮಾಲೀಕ್ರು ಸಂಬ್ಳ ಜಾಸ್ತಿ ಮಾಡವ್ರೆ" ಅನ್ನುತ್ತಿದ್ದ. ಇವರು ಖುಷಿಪಡುತ್ತಿದ್ದರು. ಮೇಲಿನ ಖುಷಿಯಲ್ಲ, ನಿಜವಾದ ಖುಷಿ. ಅದನ್ನು ನೋಡುವುದೇ ನನಗೆ ಕಷ್ಟವಾಗುತ್ತಿತ್ತು.

ಅಷ್ಟರಲ್ಲಿ ಎಂಬತ್ತರ ದಶಕ ಶುರುವಾಗಿತ್ತು. ಹಿರೇಹಳ್ಳಿಯಲ್ಲಿ ಹೊಸ ಶೆಡ್ಡುಗಳು ಏಳತೊಡಗಿದವು. ಬೆಂಗಳೂರು ರಸ್ತೆಯುದ್ದಕ್ಕೂ ಬೋರ್ಡುಗಳು ಬಂದವು. ಕರೆಂಟು ಸುಧಾರಿಸಿದೆ, ಜಿಲ್ಲೆಗೆ ಕೈಗಾರಿಕೆ ಬರುತ್ತಿದೆ, ಸ್ಥಳೀಯರಿಗೆ ಉದ್ಯೋಗ ಎಂದು ರೇಡಿಯೋದಲ್ಲೂ ಪೇಪರಿನಲ್ಲೂ ಬರುತ್ತಿತ್ತು. ಅದು ಸುಳ್ಳೇನೂ ಆಗಿರಲಿಲ್ಲ. ಬೆಳಗಿನ ಬಸ್ಸು ತುಂಬಿರುತ್ತಿತ್ತು. ಅದರಲ್ಲಿದ್ದವರು ಐಟಿಐ ಮುಗಿಸಿದ ಹುಡುಗರು, ಮೀಸೆ ಸರಿಯಾಗಿ ಬಂದಿರದವರು, ಎಣ್ಣೆ ಹಾಕಿ ತಲೆ ಬಾಚಿಕೊಂಡವರು. ಇವರು ಅದೇ ಬಸ್ಸಿನಲ್ಲಿ ಹೋಗಿ, ಅದೇ ಸ್ಟಾಪಿನಲ್ಲಿ ಇಳಿದು, ಹುಡುಗರು ಹೊಸ ಗೇಟುಗಳೊಳಕ್ಕೆ ಹೋದರೆ, ತಾವು ಹೊಂಗೆಮರದ ಕೆಳಗೆ ಹೋಗುತ್ತಿದ್ದರು.

ನನ್ನ ಕಾಟಕ್ಕೆ ಒಂದು ಹೊಸ ಫ್ಯಾಕ್ಟರಿಗೆ ಹೋಗಿ ಕೇಳಿದರು. ಸರ್ಟಿಫಿಕೇಟ್ ಕೇಳಿದರಂತೆ. ಸರ್ಕಾರಿ ಕಚೇರಿಯಲ್ಲಿ ಹೆಸರು ಬರೆಸಿದ ಕಾರ್ಡು ಕೇಳಿದರಂತೆ. ವಯಸ್ಸು ಕೇಳಿದರಂತೆ. ಮೂರಕ್ಕೂ ಇವರ ಬಳಿ ಸರಿಯಾದ ಉತ್ತರ ಇರಲಿಲ್ಲ. ಜಿಲ್ಲೆಯಲ್ಲಿ ಎರಡು ಸಾಲುಗಳಿದ್ದವು. ಕೆಲಸ ಇಲ್ಲದವರ ಸಾಲಿನಲ್ಲಿ ಇವರ ಹೆಸರು ಇರಲಿಲ್ಲ, ಏಕೆಂದರೆ ಇವರಿಗೆ ಕೆಲಸ ಇತ್ತು. ಕೆಲಸ ಇದ್ದವರ ಸಾಲಿನಲ್ಲಿ ಇವರು ಇರಲಿಲ್ಲ, ಅದನ್ನು ಯಾರು ಬೇಕಾದರೂ ನೋಡಬಹುದಿತ್ತು.

ಮೂರನೆಯ ಯುಗಾದಿ ಕಳೆದ ಮೇಲೆ ಒಂದು ದಿನ ಇವರು ಹೋದ ಹಾಗೇ ಓಡಿಬಂದರು. ಬಾಗಿಲಲ್ಲೇ, "ಸರಪಳಿ ತೆಗ್ದವ್ರೆ ಕಣೇ!" ಅಂದರು. ಫ್ಯಾಕ್ಟರಿಯನ್ನು ಹೊಸ ಮಾಲೀಕರು ಕೊಂಡಿದ್ದರು. ಹಳಬರೆಲ್ಲ ಸೋಮವಾರ ಬರಬೇಕು ಎಂದು ಹೇಳಿಕಳಿಸಿದ್ದರು. ನಾನು ಖಾಕಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿದೆ. ಎರಡು ವರ್ಷದ ಕೋಪ ಆ ಎರಡು ದಿನ ನನ್ನಿಂದ ದೂರ ಇತ್ತು. ಇವರು ಹೇಳಿದ್ದೇ ಸರಿಯಾಯಿತಲ್ಲ ಎಂದುಕೊಂಡೆ. ಫ್ಯಾಕ್ಟರಿಯ ಖಾಯಂ ಕೆಲಸವೇ ವಾಸಿ ಎಂದು ಗುಬ್ಬಿ, ಕುಣಿಗಲ್, ಊರ್ಡಿಗೆರೆ, ಎಲ್ಲ ಕಡೆಯವರೂ ಬಂದು ತಮ್ಮ ತಮ್ಮ ಟೋಕನ್ ಇವರಿಂದ ತೆಗೆದುಕೊಂಡರು.

ಸೋಮವಾರ ನಡೆದದ್ದನ್ನು ನನಗೆ ಹೇಳಿದವರು ಗುಬ್ಬಿಯವರು. ಇವರು ಹೇಳಲಿಲ್ಲ.

ಹೊಸ ಸೂಪರ್‌ವೈಸರ್ ಹೊರಗಿನಿಂದ ಬಂದವರು, ವಯಸ್ಸು ಚಿಕ್ಕದು. ಮರಕ್ಕೆ ಕಟ್ಟಿದ ಹಲಗೆ ನೋಡಿ, "ಏನಿದು, ದೇವರಾ?" ಎಂದು ಕೇಳಿದರಂತೆ. ಹೇಳಿದ ಮೇಲೆ ನಗಲಿಲ್ಲ, ಬೈಯಲೂ ಇಲ್ಲ. ಟೋಕನ್ ಪದ್ಧತಿ ಇನ್ನಿಲ್ಲ, ಕಾರ್ಡ್ ಪಂಚ್ ಮಾಡುವ ಯಂತ್ರ ಬರುತ್ತದೆ, ಎಲ್ಲರೂ ಟೋಕನ್ ಒಪ್ಪಿಸಿ ಎಂದು ಒಂದು ಬಕೆಟ್ ಇಡಿಸಿದರು. ನಂಬರಿನ ಲೆಕ್ಕ ಇಲ್ಲ, ಎಲ್ಲರಿಗೂ ಒಂದು ಪರೀಕ್ಷೆ: ಒಂದು ಬುಷ್ಷನ್ನು ಕೊಟ್ಟ ಅಳತೆಗೆ ಕಡೆದು ತೋರಿಸಬೇಕು, ಸರಿಯಾದವರಿಗೆ ಮೆಷಿನ್.

ಹಳೆಯ ಲೇತ್‌ಗಳನ್ನು ಮಾರಿದ್ದರು. ಅವು ಇಂಚಿನ ಲೆಕ್ಕದವು. ಚಕ್ರದ ಮೇಲಿನ ಒಂದು ಗೆರೆ ತಿರುಗಿಸಿದರೆ ಕಬ್ಬಿಣ ಎಷ್ಟು ಹೋಗುತ್ತದೆ ಎನ್ನುವುದು ಇವರ ಬೆರಳಿಗೇ ಗೊತ್ತಿತ್ತು. ಹೊಸವು ಮಿಲಿಮೀಟರಿನವು, ಗೆರೆಯ ಲೆಕ್ಕವೇ ಬೇರೆ. ಕುಣಿಗಲ್ ಗ್ಯಾರೇಜಿನ ಲೇತ್ ಕೂಡ ಮಿಲಿಮೀಟರಿನದೇ. ಗುಬ್ಬಿಯವರು ಎರಡು ವರ್ಷ ಅದರಲ್ಲೇ ಕೈ ತಿದ್ದಿಕೊಂಡಿದ್ದರು. ಅವರದ್ದು ಮೊದಲನೆಯ ಸಲವೇ ಸರಿಬಂತು. ಇವರು ಮೆಷಿನ್ ಮುಂದೆ ನಿಂತು, ಹಳೆಯ ಅಭ್ಯಾಸದಲ್ಲೇ ಗೆರೆ ಎಣಿಸಿ ಉಳಿ ಒಳಕ್ಕೆ ಕೊಟ್ಟರು. ಬುಷ್ಷು ಬೇಕಾದದ್ದಕ್ಕಿಂತ ಸಣ್ಣದಾಯಿತು. ಇನ್ನೊಂದು ತುಂಡು ಕೊಟ್ಟರು. ಬೆರಳು ಮತ್ತೆ ಹಳೆಯ ಲೆಕ್ಕಕ್ಕೇ ಹೋಯಿತಂತೆ, ಅದೂ ಕೆಟ್ಟಿತು.

"ನಾನು ಸಾಹೇಬ್ರಿಗೆ ಹೇಳ್ದೆ ಅತ್ತಿಗೆ, ಲೇತ್ ಕೆಲ್ಸ ಕಲಿಸ್ಕೊಟ್ಟಿದ್ದೇ ಅವ್ನು ನಂಗೆ ಅಂತ. ಕೇಳ್ಲಿಲ್ಲ. ಹೆಲ್ಪರ್ ಕೆಲ್ಸ ಐತೆ, ಬೇಕಾದ್ರೆ ಮಾಡ್ಲಿ ಅಂದ್ರು" ಎಂದು ಗುಬ್ಬಿಯವರು ನಮ್ಮ ಹೊಸಿಲ ಮೇಲೆ ಕೂತು ಹೇಳಿದರು. ಇವರು ಒಳಗೆ ಗೋಡೆ ಕಡೆ ತಿರುಗಿ ಮಲಗಿದ್ದರು.

ಹೆಲ್ಪರ್ ಕೆಲಸವನ್ನು ಇವರು ಒಪ್ಪಿಕೊಂಡರು. ನಾನು ಬೇಡ ಎಂದೆ. ಗುಬ್ಬಿಯವರು ಬಿಟ್ಟುಬಂದ ಕುಣಿಗಲ್ ಲೇತ್ ಮೇಲೆ ಆಗಲೇ ಬೇರೆಯವರು ನಿಂತಿದ್ದರು, ಮಂಡಿಪೇಟೆಯ ಮೂಟೆಯೇ ವಾಸಿ ಎಂದೆ. "ಒಳಗಿದ್ರೆ ಇವತ್ತಲ್ಲ ನಾಳೆ ಮೆಷಿನ್ ಕೊಡ್ತಾರೆ. ಹೊರಗಿದ್ರೆ ಯಾರು ಕೊಡ್ತಾರೆ?" ಅಂದರು. ಮತ್ತೆ ಅದೇ ಮಾತು, ಮರದಡಿಯ ಮಾತು, ಬರೀ ಗೋಡೆಯ ಒಳಗಡೆಗೆ ಬಂದಿತ್ತು. ಗುಬ್ಬಿಯವರ ಮೆಷಿನ್‌ಗೆ ಎರಕದ ತುಂಡು ತಂದು ಹಾಕುವುದು, ಕೆಳಗೆ ಬಿದ್ದ ಕಬ್ಬಿಣದ ಸುರುಳಿ ಗುಡಿಸುವುದು ಇವರ ಕೆಲಸ. ಊಟದ ಬಿಡುವಿನಲ್ಲಿ ಗುಬ್ಬಿಯವರು ಇವರನ್ನು ಮೆಷಿನ್ ಮುಂದೆ ನಿಲ್ಲಿಸಿ ಹೊಸ ಲೆಕ್ಕ ಹೇಳಿಕೊಡುತ್ತಿದ್ದರು. ಕೆಲವೇ ದಿನದಲ್ಲಿ ಕೈ ಕುದುರಿತಂತೆ. ಸೂಪರ್‌ವೈಸರ್ ಅದನ್ನು ಒಂದು ದಿನ ನೋಡಿ, ಹೆಲ್ಪರ್ ಮೆಷಿನ್ ಮುಟ್ಟಕೂಡದು ಎಂದು ನಿಲ್ಲಿಸಿದರು. ಆದರೆ ದೀಪಾವಳಿ ಆದ ಮೇಲೆ ಹೊಸ ಲೇತ್‌ಗಳು ಬರುತ್ತವೆ, ಆಗ ಇನ್ನೊಮ್ಮೆ ಪರೀಕ್ಷೆ ಕೊಡು ಅಂತಲೂ ಹೇಳಿದರು.

ಆ ವರ್ಷದ ಆಯುಧಪೂಜೆಗೆ ಮನೆಯವರನ್ನೆಲ್ಲ ಫ್ಯಾಕ್ಟರಿ ಒಳಗೆ ಬಿಟ್ಟಿದ್ದರು. ನಾನು ಅದನ್ನು ಒಳಗಿನಿಂದ ನೋಡಿದ್ದು ಅದೇ ಮೊದಲು. ಇವರು ಬೆಳಿಗ್ಗೆ ಬೇಗ ಹೋಗಿ ಮೆಷಿನ್ ಒರೆಸಿ, ವಿಭೂತಿ ಹಚ್ಚಿ, ಮಾವಿನ ಸೊಪ್ಪು, ಚೆಂಡುಹೂವು ಕಟ್ಟಿದ್ದರು. ಮಂಗಳಾರತಿ ಆದ ಮೇಲೆ ಅವರವರ ಮೆಷಿನ್ ಮುಂದೆ ಅವರವರು ತೆಂಗಿನಕಾಯಿ ಒಡೆಯಬೇಕು. ಗುಬ್ಬಿಯವರು ಕಾಯಿಯನ್ನು ಇವರ ಕೈಗೆ ಕೊಟ್ಟರು.

"ನೀನೇ ಒಡಿಯೋ."

"ಮೆಷಿನ್ ಯಾರ್ದೋ ಅವ್ನೇ ಒಡೀಬೇಕು."

"ಎಲ್ಲ ನೋಡ್ತಾ ಅವ್ರೆ, ಸುಮ್ನೆ ಒಡಿಯೋ ಮಾರಾಯ."

"ದೀಪಾವಳಿ ಆಗ್ಲಿ ಬುಡ್ಲಾ. ನಂದರ ಮುಂದೆ ಒಡೀತೀನಿ" ಎಂದು ಕಾಯಿಯನ್ನು ವಾಪಸು ಅವರ ಕೈಯಲ್ಲಿಟ್ಟರು. ನಗುತ್ತಲೇ ಹೇಳಿದರು. ಮಗಳಿಗೆ ಮೆಷಿನ್ನಿನ ಚಕ್ರ, ಉಳಿ, ಗೆರೆ ಎಲ್ಲ ತೋರಿಸಿದರು, ಬೆರಳು ತಾಕಿಸದೆ ದೂರದಿಂದಲೇ.

ಆ ವಾರವೇ ಕಣ್ಣು ಹಳದಿಯಾಯಿತು. ಕಾಮಾಲೆ. ಮೊದಲು ಸೊಪ್ಪಿನ ರಸ ಕುಡಿಸಿದೆವು, ಆಮೇಲೆ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಮಲಗಿಯೂ ದೀಪಾವಳಿ ಯಾವತ್ತು ಎಂದು ಕೇಳುತ್ತಿದ್ದರು. ರಜ ಹಾಕಿದ್ದು ಬರೆದುಕೊಂಡಿದ್ದಾರೋ ಇಲ್ಲವೋ ಎಂದು ಗುಬ್ಬಿಯವರನ್ನು ಫ್ಯಾಕ್ಟರಿಗೆ ಕಳಿಸಿ ಕೇಳಿಸಿದರು. ದೀಪಾವಳಿಗೆ ಮುಂಚೆಯೇ ತೀರಿಹೋದರು.

ಹದಿಮೂರನೆಯ ದಿನ ಮುಗಿದ ಮೇಲೆ ಗುಬ್ಬಿಯವರು ಬಂದು, ನನ್ನ ಮುಖ ನೋಡದೆ, "ಅತ್ತಿಗೆ, ಅವತ್ತು ಕುಣಿಗಲ್‌ಗೆ ಅವ್ನೇ ಹೋಗಿದ್ದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಕಾಫಿ ಕೊಟ್ಟೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸತ್ತವರ ಮೇಲೆ ಇದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಂಡರೆ ಅದನ್ನು ಇಳಿಸಲು ಜಾಗ ಸಿಗುವುದಿಲ್ಲ. ಬೈದರೆ "ಅವ್ನಿಗೆ ಮೂರು ಮಕ್ಳು ಕಣೇ" ಎನ್ನಲು ಯಾರೂ ಇಲ್ಲ.

ಸಂಕ್ರಾಂತಿಯ ನಂತರ ಫ್ಯಾಕ್ಟರಿಯವರು ನನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ತೆಗೆದುಕೊಂಡರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದದ್ದು ಅನುಕೂಲವಾಯಿತು. ಬುಷ್ಷುಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುವುದು ನನ್ನ ಕೆಲಸ. ಇವರು ಹೋಗುತ್ತಿದ್ದ ಬಸ್ಸಿನಲ್ಲೇ ಹೋಗುತ್ತೇನೆ, ಸಂಬಳ ತಿಂಗಳು ತಿಂಗಳು ಬರುತ್ತದೆ. ಮಗಳಿಗೆ ಹೊಸ ಲಂಗ ಹೊಲಿಸಿದೆ. ಫ್ಯಾಕ್ಟರಿ ಈಗ ಮೂರು ಪಾಳಿ ನಡೆಯುತ್ತದೆ, ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಆ ಕೆಟ್ಟ ಕಾಲ ಮುಗಿಯಿತು, ನಮ್ಮ ಕಡೆ ಮತ್ತೆ ಕೆಲಸ ಬಂತು ಎಂದು ಜನ ಬಸ್ಸಿನಲ್ಲಿ ಮಾತಾಡಿಕೊಳ್ಳುತ್ತಾರೆ. ಮೊನ್ನೆ ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು, "ನಿಮ್ಮನೇಲೂ ಎಲ್ರಿಗೂ ಕೆಲ್ಸ ಆಯ್ತಾ?" ಎಂದು ಕೇಳಿದಳು. ಹೂಂ ಎಂದು ಹೇಳಿ ಕಿಟಕಿಯ ಹೊರಗೆ ನೋಡಿದೆ.

ಹೊಸ ಲೇತ್‌ಗಳು ಹೇಳಿದ ಹಾಗೇ ದೀಪಾವಳಿ ಆದ ಮೇಲೆ ಬಂದಿದ್ದವು. ಎಲ್ಲದರ ಮುಂದೂ ಈಗ ಆಳು ಇದ್ದಾರೆ. ನಮ್ಮ ಯಜಮಾನರಿಗೆ ಮಾತ್ರ ಅವರ ಲೇತ್ ಕೆಲಸ ವಾಪಸು ಸಿಗಲಿಲ್ಲ.